ಹಸಿರು ಬಣ್ಣ ಬಳಿದ ಅಂಗಳ

ಚರಿತ್ರೆ ಎಂದರೆ ರಾಜರ ಪಟ್ಟಿ ಎಂದು ನಮಗೆ ಶಾಲೆಯಲ್ಲಿ ಕಲಿಸಿದರು. ಆಟದ ಚರಿತ್ರೆ ಎಂದರೆ ಗೆದ್ದವರ ಪಟ್ಟಿ ಎಂದು ಪತ್ರಿಕೆಗಳು ಕಲಿಸುತ್ತವೆ. ಎರಡರ ಜಾಯಮಾನವೂ ಒಂದೇ. ಕೆರೆ ಕಟ್ಟಿಸಿದ ದೊರೆಯ ಹೆಸರು ಶಾಸನದಲ್ಲಿರುತ್ತದೆ. ಮಣ್ಣು ಹೊತ್ತವರ ಹೆಸರು ಕೆರೆಯ ತಳದಲ್ಲೇ ಉಳಿಯುತ್ತದೆ.

ಭೂಮಿ, ಕೂಲಿ, ದೌರ್ಜನ್ಯಗಳ ಬಗ್ಗೆ ಬರೆಯಬೇಕಾದ ಪುಟದಲ್ಲಿ ಅಮೆರಿಕದ ಕಾಲ್ಚೆಂಡಾಟ ಯಾಕ್ರಪ್ಪಾ ಅಂತ ಗೆಳೆಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಾಲ್ಚೆಂಡಿನ ಹುಚ್ಚು ಹತ್ತಿಸಿಕೊಂಡ ನಾವು ಬರೀ ಹುಚ್ಚಿಗಾಗಿ ಇದನ್ನು ಬರೆಯುತ್ತಿಲ್ಲ. 1972ರಲ್ಲಿ ಬೊಂಬಾಯಿಯ ದಲಿತ ಯುವಕರು ತಮ್ಮ ಸಂಘಟನೆಗೆ ಪ್ಯಾಂಥರ್ಸ್ ಎಂದು ಹೆಸರಿಟ್ಟಾಗ ಅದನ್ನು ತಂದದ್ದು ಅಮೆರಿಕದ ಕಪ್ಪು ಜನರ ಹೋರಾಟದಿಂದ. ಹೆಸರು ತಂದವರು ಆ ನೆಲದ ಒಳಸುಳಿಗಳನ್ನೂ ತಿಳಿಯಬೇಕು. ಅಮೆರಿಕ ನಮ್ಮ ಮನೆಗಳಿಗೆ ಸಿನಿಮಾ ಆಗಿ, ಹಾಡಾಗಿ, ಅಂಗಿಯ ಮೇಲಿನ ಅಕ್ಷರವಾಗಿ ಬಂದು ಕೂತಿದೆ. ಬರುವಾಗ ಅದು ತನ್ನ ದುಡಿಯುವ ಜನರನ್ನು ಬಾಗಿಲಲ್ಲೇ ಬಿಟ್ಟು ಬರುತ್ತದೆ. ಅವರನ್ನು ಒಳಗೆ ಕರೆಯುವ ಕೆಲಸ ನಮ್ಮದು.

ಅಮೆರಿಕದ ಕಾಲ್ಚೆಂಡಿನ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ಅಮೆರಿಕದವರಿಗೆ ಈ ಆಟವೇ ಗೊತ್ತಿರಲಿಲ್ಲ, ಮೊನ್ನೆ ಮೊನ್ನೆ ಕಲಿತರು ಅನ್ನೋದು. ಇನ್ನೊಂದು, ಅಲ್ಲಿ ಅದು ಹಣವಂತರ ಮಕ್ಕಳ ಆಟ ಅನ್ನೋದು. ಮೊದಲನೆಯದು ಸುಳ್ಳು. ಎರಡನೆಯದನ್ನು ನಿಜ ಮಾಡಿದ್ದು ಚರಿತ್ರೆ.

ಒಂದು

ಹೆಸರಿನಿಂದಲೇ ಶುರು ಮಾಡೋಣ. ಫುಟ್‌ಬಾಲ್ ಎನ್ನದೆ ಸಾಕರ್ ಎನ್ನುವ ಅಮೆರಿಕದವರನ್ನು ಇಂಗ್ಲೆಂಡಿನವರು ಗೇಲಿ ಮಾಡುತ್ತಾರೆ. ಆದರೆ ಆ ಪದ ಹುಟ್ಟಿದ್ದೇ ಇಂಗ್ಲೆಂಡಿನಲ್ಲಿ. ಅಸೋಸಿಯೇಷನ್ ಫುಟ್‌ಬಾಲ್ ಅನ್ನುವ ಉದ್ದ ಹೆಸರನ್ನು ಅಲ್ಲಿನ ಸಿರಿವಂತ ಕಾಲೇಜು ಹುಡುಗರು ಮೊಟಕು ಮಾಡಿ ಸಾಕರ್ ಅಂದರು. ದೊರೆಗಳ ಮಕ್ಕಳ ಬಾಯಿಂದ ಬಂದ ಪದ ಅದು. ಆದರೆ ಆಟವನ್ನು ಹಡಗಿನಲ್ಲಿ ಹೊತ್ತು ತಂದು ಅಮೆರಿಕದ ನೆಲಕ್ಕೆ ಇಳಿಸಿದವರು ಬಹುಪಾಲು ದೊರೆಗಳ ಮಕ್ಕಳಲ್ಲ, ಗಿರಣಿಯ ಕೂಲಿಗಳು.

ನ್ಯೂಜೆರ್ಸಿಯ ಕರ್ನಿಯಲ್ಲಿ ನೂಲಿನ ಗಿರಣಿಗಳಿದ್ದವು. ಸ್ಕಾಟ್ಲೆಂಡಿನಿಂದ ಕೂಲಿಗೆ ಬಂದವರು ಅಲ್ಲಿ ನೂಲು ತೆಗೆದರು, ಸಂಜೆ ಚೆಂಡು ಒದ್ದರು. ಕ್ಲಾರ್ಕ್ ನೂಲಿನ ಕಂಪನಿಯ ತಂಡದ ಹೆಸರು ಓಎನ್‌ಟಿ. ಅದು ಆ ಕಂಪನಿ ಮಾರುತ್ತಿದ್ದ ದಾರದ ಹೆಸರಿನ ಚುಟುಕು ರೂಪ. ಅಂದರೆ ಆಟಗಾರನ ಎದೆಯ ಮೇಲೆ ಮಾಲಿನ ಹೆಸರು ಅಂಟಿದ್ದು ನಮ್ಮ ಕಾಲದ ಆವಿಷ್ಕಾರವೇನಲ್ಲ. 1885, 86, 87, ಮೂರು ವರ್ಷ ಸತತವಾಗಿ ಈ ದಾರದ ತಂಡ ಅಮೆರಿಕನ್ ಕಪ್ ಗೆದ್ದಿತು. ಮ್ಯಾಸಚೂಸೆಟ್ಸಿನ ಫಾಲ್ ರಿವರ್ ಇನ್ನೊಂದು ಬಟ್ಟೆ ಗಿರಣಿಯ ಊರು. ಲ್ಯಾಂಕಶೈರಿನವರು, ಪೋರ್ಚುಗೀಸರು, ಕೆನಡಾದಿಂದ ಬಂದ ಫ್ರೆಂಚ್ ಮಾತಿನವರು ಅಲ್ಲಿ ಮಗ್ಗದ ಧೂಳು ಕುಡಿದರು. ಅವರ ಮಕ್ಕಳೇ ಮುಂದೆ ದೇಶದ ತಂಡಕ್ಕೆ ಆಡಿದರು.

ಪೆನ್ಸಿಲ್ವೇನಿಯದ ಬೆತ್ಲೆಹೆಮ್ ಊರಿನ ಕತೆಯನ್ನು ನಾವು ಸ್ವಲ್ಪ ನಿಂತು ನೋಡಬೇಕು. ಅಲ್ಲಿ ಚಾರ್ಲ್ಸ್ ಶ್ವಾಬ್ ಎಂಬ ಧಣಿಯ ಉಕ್ಕಿನ ಕಾರ್ಖಾನೆ. 1910ರಲ್ಲಿ ಕಾರ್ಮಿಕರು ದಿನದ ದುಡಿಮೆಯ ಗಂಟೆ ಕಡಿಮೆ ಮಾಡಿ, ಭಾನುವಾರ ಬಿಡುವು ಕೊಡಿ ಎಂದು ಮುಷ್ಕರ ಹೂಡಿದರು. ಕುದುರೆ ಏರಿದ ರಾಜ್ಯ ಪೊಲೀಸರು ಬಂದರು. ಗುಂಡಿಗೆ ಒಬ್ಬ ಕೆಲಸಗಾರ ಸತ್ತ. ಆಮೇಲಿನ ವರ್ಷಗಳಲ್ಲಿ ಅದೇ ಕಂಪನಿ ಕಾಲ್ಚೆಂಡಿಗೆ ಹಣ ಸುರಿಯಿತು, ಅಂಗಳ ಕಟ್ಟಿಸಿತು, ಸ್ಕಾಟ್ಲೆಂಡಿನಿಂದ ಆಟಗಾರರನ್ನು ಕರೆಸಿ ಕಾರ್ಖಾನೆಯಲ್ಲಿ ಕೆಲಸ ಕೊಟ್ಟಿತು. ಬೆತ್ಲೆಹೆಮ್ ಸ್ಟೀಲ್ ತಂಡ 1915, 1916, 1918, 1919, 1926ರಲ್ಲಿ ರಾಷ್ಟ್ರೀಯ ಕಪ್ ಗೆದ್ದಿತು. 1919ರಲ್ಲಿ ಸಮುದ್ರ ದಾಟಿ ಸ್ವೀಡನ್ನಿಗೂ ಹೋಗಿ ಆಡಿತು. ಬಿಡುವು ಕೇಳಿದಾಗ ಗುಂಡು ಬಂತು, ಆಮೇಲೆ ಚೆಂಡು ಬಂತು. ಧಣಿ ಕೊಟ್ಟ ಚೆಂಡಿನಲ್ಲಿ ಧಣಿಯ ಲೆಕ್ಕಾಚಾರವೂ ತುಂಬಿರುತ್ತದೆ ಎಂಬುದನ್ನು ಮರೆಯಬಾರದು. ಹಾಗಂತ ಆಡಿದವರ ಖುಷಿ ಸುಳ್ಳೇನಲ್ಲ. ಜಮೀನ್ದಾರನ ಕಣದಲ್ಲಿ ಕೋಲಾಟ ಆಡಿದರೂ ಕಾಲು ನಮ್ಮದೇ ತಾನೆ? 1929ರಲ್ಲಿ ಮಾರುಕಟ್ಟೆ ಕುಸಿಯಿತು. ಆಟದ ಸಂಘಗಳು ತಮ್ಮತಮ್ಮಲ್ಲೇ ಕಿತ್ತಾಡುತ್ತಿದ್ದವು. 1930ರಲ್ಲಿ ಕಂಪನಿ ತಂಡವನ್ನೇ ಮುಚ್ಚಿತು. ಧಣಿಯ ದಾನದ ಆಯಸ್ಸು ಧಣಿಯ ಲಾಭದಷ್ಟೇ.

ಅದೇ 1930ರಲ್ಲಿ ಉರುಗ್ವೆಯಲ್ಲಿ ಮೊದಲ ವಿಶ್ವಕಪ್. ಅಮೆರಿಕ ಸೆಮಿಫೈನಲ್ ತಲುಪಿತು. ಫಾಲ್ ರಿವರಿನ ಬರ್ಟ್ ಪ್ಯಾಟನಾಡ್ ಜುಲೈ 17ರಂದು ಪರಾಗ್ವೆ ವಿರುದ್ಧ ಮೂರು ಗೋಲು ಹೊಡೆದ. ವಿಶ್ವಕಪ್ಪಿನ ಮೊದಲ ಹ್ಯಾಟ್ರಿಕ್ ಅದು. ಆದರೆ ದಾಖಲೆಯಲ್ಲಿ ಒಂದು ಗೋಲು ಬೇರೆಯವರ ಲೆಕ್ಕಕ್ಕೆ ಹೋಗಿ, ಆ ಗೌರವ ಅರ್ಜೆಂಟೀನಾದ ಆಟಗಾರನಿಗೆ ಸಂದಿತು. ಪ್ಯಾಟನಾಡ್ 1974ರಲ್ಲಿ ತೀರಿಕೊಂಡ. ಫಿಫಾ ದಾಖಲೆ ತಿದ್ದಿದ್ದು 2006ರಲ್ಲಿ. ಎಪ್ಪತ್ತಾರು ವರ್ಷ! ಪಹಣಿ ತಿದ್ದಿಸಲು ತಾಲೂಕು ಕಚೇರಿಗೆ ಅಲೆದು ಸತ್ತ ನಮ್ಮ ಹಿರಿಯರ ಕತೆ ಗೊತ್ತಿರುವವರಿಗೆ ಇದು ಹೊಸದಲ್ಲ.

ಎರಡು

1950, ಜೂನ್ 29. ಬ್ರೆಜಿಲ್ ದೇಶದ ಬೆಲೊ ಹೊರಿಜಾಂಟೆ. ಒಂದು ಕಡೆ ಇಂಗ್ಲೆಂಡ್, ಕಾಲ್ಚೆಂಡಿನ ಯಜಮಾನರು ತಾವೇ ಎಂದುಕೊಂಡವರು. ಇನ್ನೊಂದು ಕಡೆ ಅಮೆರಿಕದ ತಂಡ. ಗೋಲ್‌ಕೀಪರ್ ಫ್ರ್ಯಾಂಕ್ ಬೋರ್ಗಿ ಊರಲ್ಲಿ ಶವದ ಗಾಡಿ ಓಡಿಸುವವನು. ಹ್ಯಾರಿ ಕೀವ್ ಅಂಚೆ ಹಂಚುವವನು. ವಾಲ್ಟರ್ ಬಾರ್ ಶಾಲೆಯ ಮೇಷ್ಟ್ರು. ಫಾಲ್ ರಿವರಿನ ಇಬ್ಬರು ಸೋಜಾಗಳೂ ಅಲ್ಲಿದ್ದರು. ಮುಂದಾಳು ಜೋ ಗೇಟ್ಯೆನ್ಸ್ ಹೈಟಿಯವನು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಲೆಕ್ಕಪತ್ರ ಓದುತ್ತಾ, ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಮುಸುರೆ ತಿಕ್ಕುತ್ತಿದ್ದವನು.

ಕೊಲಂಬಿಯಾ ಅಂದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತದೆ. 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ ವಿಶ್ವವಿದ್ಯಾಲಯ ಅದು. ಅಮೆರಿಕದ ಕಾಲ್ಚೆಂಡಿನ ರಾಷ್ಟ್ರೀಯ ಸಂಸ್ಥೆ ಹುಟ್ಟಿದ್ದೂ ಅದೇ 1913ರಲ್ಲಿ, ಅದೇ ನ್ಯೂಯಾರ್ಕಿನಲ್ಲಿ. ಇದು ಕಾಕತಾಳೀಯ ಅಷ್ಟೇ, ದೊಡ್ಡದು ಮಾಡಬೇಕಿಲ್ಲ. ಆದರೆ ಗೇಟ್ಯೆನ್ಸನ ಬದುಕಿನಲ್ಲಿ ಗಮನಿಸಬೇಕಾದ್ದು ಒಂದಿದೆ. ಹೈಟಿಯಲ್ಲಿ ಅವನದು ತಕ್ಕಮಟ್ಟಿಗೆ ಉಳ್ಳವರ ಮನೆತನ. ನ್ಯೂಯಾರ್ಕಿಗೆ ಬಂದು ಇಳಿದಾಗ ಆ ಮನೆತನ ನೀರಿಗೆ ಹೋಯಿತು. ಕಣ್ಣಿಗೆ ಕಂಡದ್ದು ಮೈಬಣ್ಣ, ಕೈಗೆ ಬಂದದ್ದು ಎಂಜಲು ತಟ್ಟೆ. ಯಾರು ಮೇಲು ಯಾರು ಕೀಳು ಅನ್ನೋದು ಮೈಯಲ್ಲಿ ಹುಟ್ಟಿಬರುವುದಿಲ್ಲ, ಊರು ಹೇಳಿದಂತೆ ಆಗುತ್ತದೆ.

ಮೂವತ್ತೆಂಟನೇ ನಿಮಿಷ. ಮೇಷ್ಟ್ರು ಬಾರ್ ದೂರದಿಂದ ಚೆಂಡು ಹೊಡೆದರು. ಗೇಟ್ಯೆನ್ಸ್ ಅಡ್ಡಬಿದ್ದು ತಲೆ ಕೊಟ್ಟ. ಗೋಲು! ಆಮೇಲೆ ಇಂಗ್ಲೆಂಡಿನವರು ಎಷ್ಟು ಬಡಿದುಕೊಂಡರೂ ಶವದ ಗಾಡಿಯವನು ಬಿಡಲಿಲ್ಲ. ಅಮೆರಿಕ 1, ಇಂಗ್ಲೆಂಡ್ 0. ಬ್ರೆಜಿಲಿನ ಜನ ಗೇಟ್ಯೆನ್ಸನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಮೆರಿಕ ಏನು ಮಾಡಿತು? ಆ ವಿಶ್ವಕಪ್ಪಿಗೆ ಅಮೆರಿಕದಿಂದ ಹೋಗಿದ್ದ ಪತ್ರಕರ್ತ ಒಬ್ಬನೇ ಒಬ್ಬ. ಅವನೂ ರಜೆ ಹಾಕಿ ಸ್ವಂತ ಖರ್ಚಿನಲ್ಲಿ ಹೋದವನು. ಸುದ್ದಿ ಹುಟ್ಟುವ ಮೊದಲೇ ಸತ್ತಿತು.

ಆ ವಿಶ್ವಕಪ್ಪಿಗೆ ಭಾರತಕ್ಕೂ ಅವಕಾಶ ಸಿಕ್ಕಿತ್ತು, ನಮ್ಮವರು ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅನ್ನೋ ಕತೆ ಇವತ್ತಿಗೂ ಹಬ್ಬಿಕೊಂಡಿದೆ. ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಅದನ್ನು ಅಲ್ಲಗಳೆದರು. ಸಂಸ್ಥೆ ನಡೆಸುವವರಿಗೆ ವಿಶ್ವಕಪ್ ಒಂದು ದೊಡ್ಡ ವಿಷಯ ಅನಿಸಲೇ ಇಲ್ಲ ಎಂದರು. ಕುರ್ಚಿಯಲ್ಲಿ ಕೂತವರ ಉದಾಸೀನದ ತಪ್ಪನ್ನು ಬರಿಗಾಲಿನ ಮೇಲೆ ಹಾಕುವುದು ಈ ದೇಶದಲ್ಲಿ ಎಷ್ಟು ಸಲೀಸು ನೋಡಿ.

ಗೇಟ್ಯೆನ್ಸ್ ಮುಂದೆ ಹೈಟಿಗೆ ಮರಳಿದ. ಅಲ್ಲಿ 'ಪಾಪಾ ಡಾಕ್' ಡುವಾಲಿಯೆಯ ಸರ್ವಾಧಿಕಾರ. ಗೇಟ್ಯೆನ್ಸ್ ರಾಜಕೀಯಕ್ಕೆ ಇಳಿದವನಲ್ಲ. ಆದರೆ ಅವನ ಮನೆಯವರು ಡುವಾಲಿಯೆಯ ಎದುರಾಳಿಯ ಕಡೆಗಿದ್ದರು. 1964ರ ಜುಲೈ 8ರಂದು ಸರ್ವಾಧಿಕಾರಿಯ ಗೂಂಡಾ ಪಡೆ ಅವನನ್ನು ಹಿಡಿದೊಯ್ದಿತು. ಹೆಣವೂ ಸಿಗಲಿಲ್ಲ. ಅಮೆರಿಕ ತನ್ನ ಸಾಕರ್ ಕೀರ್ತಿಶಾಲೆಗೆ ಅವನ ಹೆಸರು ಸೇರಿಸಿದ್ದು 1976ರಲ್ಲಿ. 2005ರಲ್ಲಿ ಆ ಪಂದ್ಯದ ಮೇಲೆ ಅಮೆರಿಕದವರು ಸಿನಿಮಾ ತೆಗೆದರು. ಅದರಲ್ಲಿ ಗೇಟ್ಯೆನ್ಸ್ ಮಾಟಮಂತ್ರದ ನಂಟಿರುವ ವೂಡೂ ಮನುಷ್ಯ. ಕ್ಯಾಥೊಲಿಕ್ ಮನೆಯಲ್ಲಿ ಬೆಳೆದು ಲೆಕ್ಕಪತ್ರ ಓದಿದ ಮನುಷ್ಯ ಹೈಟಿಯವನು ಅಂದ ತಕ್ಷಣ ಕ್ಯಾಮೆರಾ ಕಣ್ಣಿಗೆ ಮಾಂತ್ರಿಕನಾದ. ನಮ್ಮ ಸಿನಿಮಾಗಳಲ್ಲಿ ಕೇರಿಯವನು ಅಂದರೆ ಒಂದೋ ಕುಡುಕ, ಇಲ್ಲಾ ದಣಿಗೆ ಪ್ರಾಣ ಕೊಡುವ ಆಳು. ಹಾಲಿವುಡ್ಡಾದರೇನು, ಗಾಂಧಿನಗರವಾದರೇನು?

ಮೂರು

1970ರ ದಶಕದಲ್ಲಿ ಆಟಕ್ಕೆ ಹೊಸ ಧಣಿಗಳು ಬಂದರು. ಉಕ್ಕಿನವರಲ್ಲ, ನೂಲಿನವರಲ್ಲ, ಸಿನಿಮಾ ಮತ್ತು ಹಾಡಿನ ತಟ್ಟೆ ಮಾರುವವರು. ಅಟ್ಲಾಂಟಿಕ್ ರೆಕಾರ್ಡ್ಸಿನ ಎರ್ತೆಗುನ್ ಸಹೋದರರು, ವಾರ್ನರ್ ಕಂಪನಿಯ ಸ್ಟೀವ್ ರಾಸ್ ಸೇರಿ ನ್ಯೂಯಾರ್ಕ್ ಕಾಸ್ಮಾಸ್ ಎಂಬ ತಂಡ ಕಟ್ಟಿದರು. ಕಪ್ಪು ಜನರ ಸಂಗೀತವನ್ನು ತಟ್ಟೆಗೆ ಇಳಿಸಿ ಬೆಳೆದ ಕಂಪನಿ ಅಟ್ಲಾಂಟಿಕ್. ಈಗ ಅವರಿಗೆ ಬೇಕಾದದ್ದು ಒಬ್ಬ ಕಪ್ಪು ನಕ್ಷತ್ರ. 1975ರ ಜೂನಿನಲ್ಲಿ ಲಕ್ಷಾಂತರ ಡಾಲರ್ ಕೊಟ್ಟು ಪೆಲೆಯನ್ನು ತಂದರು. ಬಾಲ್ಯದಲ್ಲಿ ಬೂಟು ಪಾಲಿಶ್ ಮಾಡಿದ ಪೆಲೆ.

ಮೊದಲ ಪಂದ್ಯ ಜೂನ್ 15ರಂದು ರ‍್ಯಾಂಡಲ್ಸ್ ದ್ವೀಪದ ಅಂಗಳದಲ್ಲಿ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಹೋಗುವ ಮುನ್ನ ಜೆಸ್ಸಿ ಓವೆನ್ಸ್ ಓಡಿ ಆಯ್ಕೆಯಾದ ಅಂಗಳವೇ ಅದು. ನಲವತ್ತು ವರ್ಷದಲ್ಲಿ ಅದು ಹಾಳು ಬಿದ್ದಿತ್ತು. ಹುಲ್ಲಿರಲಿಲ್ಲ, ಬರೀ ಮಣ್ಣು. ಟಿವಿಯವರು ಬರುತ್ತಾರೆ, ದೇಶ ನೋಡುತ್ತದೆ, ಏನು ಮಾಡೋದು? ಮಣ್ಣಿಗೆ ಹಸಿರು ಬಣ್ಣ ಬಳಿದರು! ಪಂದ್ಯ ಮುಗಿಸಿ ಬೂಟು ಬಿಚ್ಚಿದ ಪೆಲೆ ತನ್ನ ಪಾದ ಹಸಿರಾಗಿರುವುದನ್ನು ಕಂಡು, ಅಯ್ಯೋ ಯಾವುದೋ ಬೂಷ್ಟು ರೋಗ ಹತ್ತಿತು ಎಂದು ಗಾಬರಿಯಾದನಂತೆ.

ಇದನ್ನು ಕೇಳಿ ನಾವು ನಗುತ್ತೇವೆ. ಮಂತ್ರಿ ಬರುವ ದಿನ ಶಾಲೆಯ ಗೋಡೆಗೆ ಸುಣ್ಣ ಕಂಡ ಮೇಷ್ಟ್ರುಗಳು ಇನ್ನೂ ಜೋರಾಗಿ ನಗಬಹುದು. ಆದರೆ ಆ ಯುಗದ ಇಡೀ ವ್ಯವಹಾರ ಆ ಬಣ್ಣದಲ್ಲಿದೆ. 1977ರ ಆಗಸ್ಟ್ 14ರಂದು ಕಾಸ್ಮಾಸ್ ನೋಡಲು 77,691 ಜನ ಸೇರಿದರು. ಹಾಡುಗಾರರು, ಸಿನಿಮಾ ನಟರು, ವಿಯೆಟ್ನಾಮಿನ ಮೇಲೆ ಬಾಂಬು ಸುರಿದ ಸರ್ಕಾರದ ಹೆನ್ರಿ ಕಿಸಿಂಜರ್, ಎಲ್ಲರೂ ಅಲ್ಲಿ. ಬೇರು ಬಿಟ್ಟ ಹುಲ್ಲು ಮಾತ್ರ ಎಲ್ಲೂ ಇರಲಿಲ್ಲ. ಹಳೇ ಗಿರಣಿ ಊರುಗಳ ಸಣ್ಣ ಕ್ಲಬ್ಬುಗಳಿಗೆ ಈ ದುಡ್ಡಿನಿಂದ ಹನಿ ನೀರೂ ಹರಿಯಲಿಲ್ಲ.

ಇಲ್ಲಿ ನಮ್ಮ ದೇಶದ ಒಂದು ದಿನವೂ ಬರುತ್ತದೆ. 1977ರ ಸೆಪ್ಟೆಂಬರ್ 24. ಕಾಸ್ಮಾಸ್ ಕಲ್ಕತ್ತೆಗೆ ಬಂತು. ಮಳೆ ಬಂದು ಈಡನ್ ಗಾರ್ಡನ್ಸ್ ಕೆಸರಾಗಿತ್ತು. ಯಾರೂ ಬಣ್ಣ ಬಳಿಯಲಿಲ್ಲ. ಕಿಕ್ಕಿರಿದ ಜನರ ಮುಂದೆ ಮೋಹನ್ ಬಗಾನ್ ಹುಡುಗರು ಆ ಕೆಸರಲ್ಲೇ ಪೆಲೆಯ ತಂಡವನ್ನು 2-2ಕ್ಕೆ ಹಿಡಿದು ನಿಲ್ಲಿಸಿದರು. ಒಂದು ವಾರ ಕಳೆದು ಅಕ್ಟೋಬರ್ 1ರಂದು ಪೆಲೆ ನ್ಯೂಜೆರ್ಸಿಯಲ್ಲಿ ಕೊನೆಯ ಪಂದ್ಯ ಆಡಿದ. ಮುಹಮ್ಮದ್ ಅಲಿ ಬಂದಿದ್ದ. ಪೆಲೆ ಮೈಕಿನ ಮುಂದೆ ನಿಂತು 'ಲವ್' ಎಂಬ ಪದವನ್ನು ಜನರಿಂದ ಮೂರು ಸಲ ಹೇಳಿಸಿದ. ಯುದ್ಧಕ್ಕೆ ಹೋಗುವುದಿಲ್ಲ ಎಂದು ಪಟ್ಟ ಕಳೆದುಕೊಂಡ ಅಲಿ ಒಂದು ಬಗೆ. ಯಾರನ್ನೂ ನೋಯಿಸದ ಪೆಲೆ ಇನ್ನೊಂದು ಬಗೆ. ಮಾರುಕಟ್ಟೆಗೆ ಯಾವ ಬಗೆ ಇಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಇಬ್ಬರನ್ನೂ ನಾವು ಪ್ರೀತಿಸುತ್ತೇವೆ. ಅಭಿಮಾನಿಗಳ ಪಾಡು ಇದು.

ವಾರ್ನರಿನವರ ಹತ್ತಿರ ಅಟಾರಿ ಎಂಬ ವಿಡಿಯೋ ಆಟದ ಕಂಪನಿಯೂ ಇತ್ತು. 1983ರಲ್ಲಿ ಆ ವ್ಯಾಪಾರ ಮುಗ್ಗರಿಸಿ ಬಿತ್ತು. ಪರದೆಯ ಮೇಲಿನ ಆಟ ನಷ್ಟವಾದಾಗ ನೆಲದ ಮೇಲಿನ ಆಟವನ್ನೂ ಮಾರಿದರು. 1984ರ ನಂತರ ಆ ಲೀಗೇ ಇಲ್ಲವಾಯಿತು. ಬೆತ್ಲೆಹೆಮ್ಮಿನ ಕತೆಯೇ ಮತ್ತೊಮ್ಮೆ.

ನಾಲ್ಕು

ಹಾಗಾದರೆ ಆಟ ಎಲ್ಲಿ ಉಳಿಯಿತು? ನಗರದಾಚೆಯ ಬಡಾವಣೆಗಳಲ್ಲಿ.

ನಮ್ಮಲ್ಲಿ ಊರು ಒಳಗೆ, ಕೇರಿ ಹೊರಗೆ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ನಂತರ ಇದು ತಿರುಗುಮುರುಗಾಯಿತು. ಉಳ್ಳ ಬಿಳಿಯರು ನಗರ ಬಿಟ್ಟು ಹೊರಗೆ ಹೋದರು. ಕಪ್ಪು ಜನ, ಬಡವರು ನಡುವೆ ಉಳಿದರು. ದಿಕ್ಕು ಬದಲಾಯಿತು, ಗೆರೆ ಬದಲಾಗಲಿಲ್ಲ. 1947ರಲ್ಲಿ ನ್ಯೂಯಾರ್ಕಿನ ಬಳಿ ಕಟ್ಟಿದ ಲೆವಿಟ್‌ಟೌನ್ ಬಡಾವಣೆಯ ಕರಾರುಪತ್ರದಲ್ಲೇ ಬಿಳಿಯರಲ್ಲದವರು ವಾಸ ಮಾಡಕೂಡದು ಎಂಬ ಮಾತಿತ್ತು. ಅದೇ 1947ರಲ್ಲಿ ಜಾಕಿ ರಾಬಿನ್ಸನ್ ಬೇಸ್‌ಬಾಲಿನ ಬಿಳಿಯರ ಬೇಲಿ ಮುರಿದು ಒಳಗೆ ಹೋದದ್ದು. ಅಂಗಳದ ಬೇಲಿ ಒಂದು ಕಡೆ ಮುರಿದರೆ ಮನೆಯ ಬೇಲಿ ಇನ್ನೊಂದು ಕಡೆ ಎದ್ದಿತು.

ಈ ಬಡಾವಣೆಗಳ ಹುಲ್ಲಿನ ಮೇಲೆ ಕಾಲ್ಚೆಂಡು ಮಕ್ಕಳ ಆಟವಾಗಿ ಬೆಳೆಯಿತು. ಎಲ್ಲ ಮಕ್ಕಳೂ ಆಡಲೇಬೇಕು ಎಂಬ ಒಳ್ಳೆಯ ನಿಯಮ ಇಟ್ಟುಕೊಂಡ ಸಂಘಗಳೂ ಇದ್ದವು. ಆದರೆ ಆಟಕ್ಕೆ ಫೀಸು, ತರಬೇತಿಗೆ ಫೀಸು, ಪಂದ್ಯಕ್ಕೆ ಕರೆದೊಯ್ಯಲು ಕಾರು. 1996ರ ಚುನಾವಣೆಯಲ್ಲಿ 'ಸಾಕರ್ ಮಾಮ್' ಎಂಬ ಪದವೇ ಚಾಲ್ತಿಗೆ ಬಂತು. ಮಕ್ಕಳನ್ನು ಕಾರಿನಲ್ಲಿ ಆಟಕ್ಕೆ ಬಿಡುವ ಮಧ್ಯಮವರ್ಗದ ತಾಯಿ ಎಂದರ್ಥ. ಗಿರಣಿ ಕೂಲಿಯವರ ಆಟ ಕಾರುಳ್ಳವರ ಗುರುತಾಯಿತು. ಜಗತ್ತಿನ ಬೇರೆಡೆ ಬಡವನ ಮಗ ಚಿಂದಿ ಸುತ್ತಿ ಚೆಂಡು ಮಾಡಿಕೊಂಡು ಆಡುವ ಆಟ ಇಲ್ಲಿ ರಸೀದಿ ತೋರಿಸಿ ಆಡುವ ಆಟ.

1994ರಲ್ಲಿ ವಿಶ್ವಕಪ್ ಅಮೆರಿಕಕ್ಕೆ ಬಂತು. ಜೂನ್ 17ರ ಉದ್ಘಾಟನೆಯಲ್ಲಿ ಹಾಡುಗಾರ್ತಿ ಡಯಾನಾ ರಾಸ್ ಚೆಂಡು ಒದೆಯುವುದು, ಗೋಲಿನ ಕಂಬ ಎರಡಾಗಿ ಸೀಳುವುದು ಎಂದು ನಾಟಕ ಮಾಡಿಟ್ಟಿದ್ದರು. ಚೆಂಡು ಆಚೆ ಹೋಯಿತು, ಕಂಬ ಮಾತ್ರ ಸೀಳಿತು! ಬರೆದಿಟ್ಟ ಫಲಿತಾಂಶಕ್ಕೆ ಒದೆತದ ಹಂಗಿಲ್ಲ. ಐದು ದಿನದ ನಂತರ ಅದೇ ಅಮೆರಿಕದ ವಿರುದ್ಧ ಕೊಲಂಬಿಯಾದ ಆಂದ್ರೆಸ್ ಎಸ್ಕೋಬಾರ್ ಕಾಲಿಗೆ ತಾಗಿ ಚೆಂಡು ಅವನದೇ ಗೋಲಿಗೆ ಹೋಯಿತು. ಜುಲೈ 2ರಂದು ಅವನ ಊರು ಮೆಡೆಲಿನ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಒಬ್ಬರಿಗೆ ನಗೆಯಾಟ, ಇನ್ನೊಬ್ಬರಿಗೆ ಪ್ರಾಣ. ಟಿವಿಯ ಪರದೆಯಲ್ಲಿ ಎರಡೂ ಒಂದೇ ಅಳತೆಯಲ್ಲಿ ಕಾಣುತ್ತವೆ.

1996ರಲ್ಲಿ ಹೊಸ ಲೀಗು ಶುರುವಾಯಿತು. 2007ರಲ್ಲಿ ಬೆಕಮ್ ಬಂದ, 2023ರಲ್ಲಿ ಮೆಸ್ಸಿ ಬಂದ. ಗುಲಾಬಿ ಬಣ್ಣದ ಅಂಗಿ ಜಗತ್ತೆಲ್ಲ ಮಾರಾಟವಾಯಿತು. ಆದರೆ ಈ ನಡುವೆ, 2017ರ ಅಕ್ಟೋಬರ್ 10ರಂದು, ಟ್ರಿನಿಡಾಡ್ ಮತ್ತು ಟೊಬೇಗೊ ಎದುರು 2-1ರಿಂದ ಸೋತು ಅಮೆರಿಕ ವಿಶ್ವಕಪ್ಪಿನಿಂದಲೇ ಹೊರಬಿದ್ದಿತು. ಆಫ್ರಿಕದಿಂದ ಹಿಡಿದು ತಂದ ಗುಲಾಮರ, ಭಾರತದಿಂದ ಹಡಗು ಹತ್ತಿಸಿದ ಕಬ್ಬಿನ ಗದ್ದೆ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಬಾಳುವ ಸಣ್ಣ ದ್ವೀಪಗಳವು. ಆಗ ಅಮೆರಿಕದಲ್ಲೇ ಪ್ರಶ್ನೆ ಎದ್ದಿತು: ಹೊಲದ ಕೂಲಿ ಮಾಡುವ ಮೆಕ್ಸಿಕೊ ವಲಸಿಗರ ಮಕ್ಕಳು, ನಗರದ ನಡುವಿನ ಕಪ್ಪು ಮಕ್ಕಳು ಈ ಫೀಸಿನ ಬಾಗಿಲು ದಾಟುವುದು ಹೇಗೆ?

ಐದು

ಬಾಗಿಲು ತೆರೆದದ್ದು ಒಂದು ಕಡೆ ಮಾತ್ರ. ಅದನ್ನು ತೆರೆದದ್ದು ಮಾರುಕಟ್ಟೆಯಲ್ಲ, ಕಾನೂನು. 1972ರಲ್ಲಿ ಬಂದ ಟೈಟಲ್ ನೈನ್ ಕಾಯಿದೆ, ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳಲ್ಲಿ ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಕೂಡದು ಎಂದಿತು. ಆಟದ ಅಂಗಳಕ್ಕೂ ಅದು ಅನ್ವಯಿಸಿತು. ಹುಡುಗಿಯರು ಬಂದರು. 1991ರಲ್ಲಿ ಮೊದಲ ಮಹಿಳಾ ವಿಶ್ವಕಪ್ಪನ್ನೇ ಗೆದ್ದರು. ಗಂಡಸರು ಇವತ್ತಿಗೂ ಒಮ್ಮೆಯೂ ಗೆದ್ದಿಲ್ಲ. 2002ರ 'ಬೆಂಡ್ ಇಟ್ ಲೈಕ್ ಬೆಕಮ್' ಸಿನಿಮಾದಲ್ಲಿ ಲಂಡನ್ನಿನ ಪಂಜಾಬಿ ಹುಡುಗಿ ಕೊನೆಗೆ ವಿಮಾನ ಹತ್ತುವುದು ಅಮೆರಿಕದ ಕಾಲೇಜಿಗೆ. ಆ ವಿಮಾನದ ಹಿಂದೆ ಇರುವುದು ಈ ಕಾಯಿದೆ. ಮೀಸಲಾತಿಯಿಂದ ಪ್ರತಿಭೆ ಸಾಯುತ್ತದೆ ಎಂದು ಗೊಣಗುವವರು ಇದನ್ನು ಗಮನಿಸಬೇಕು. ಅವಕಾಶ ಕೊಟ್ಟ ಮೇಲೆ ಪ್ರತಿಭೆ ಹುಟ್ಟಿತು, ಮೊದಲಲ್ಲ.

1999ರ ಜುಲೈ 10. ಕ್ಯಾಲಿಫೋರ್ನಿಯದ ರೋಸ್ ಬೌಲ್, 90,185 ಜನ. ಚೀನಾ ಎದುರು ಫೈನಲ್ ಪೆನಾಲ್ಟಿಗಳಿಗೆ ಹೋಯಿತು. ಕೊನೆಯದನ್ನು ಹೊಡೆದ ಬ್ರ್ಯಾಂಡಿ ಚಾಸ್ಟೈನ್ ಅಂಗಿ ಕಳಚಿ ಮಂಡಿಯೂರಿದ ಚಿತ್ರ ಎಲ್ಲ ದೊಡ್ಡ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅದು ಸರಿಯೇ, ಅವಳ ಖುಷಿ ಅವಳದು. ಆದರೆ ಅದಕ್ಕೆ ಮೊದಲು ಚೀನಾದ ಮೂರನೆಯ ಹೊಡೆತವನ್ನು ಹಾರಿ ತಡೆದದ್ದು ಯಾರು? ಬ್ರಯಾನಾ ಸ್ಕರಿ, ಆ ಹನ್ನೊಂದು ಜನರಲ್ಲಿದ್ದ ಕಪ್ಪು ಗೋಲ್‌ಕೀಪರ್. ಅವಳ ಕೈ ಇಲ್ಲದಿದ್ದರೆ ಆ ಚಿತ್ರವಿಲ್ಲ. ಹೊಡೆದವರ ಚಿತ್ರ ಗೋಡೆಗೆ ಹೋಗುತ್ತದೆ, ತಡೆದವರ ಕೈ ನೆನಪಿನಿಂದಲೂ ಜಾರುತ್ತದೆ. 2010ರಲ್ಲಿ ಸ್ಕರಿಯ ತಲೆಗೆ ಪೆಟ್ಟಾಗಿ ಆಟ ನಿಂತಿತು. ತಲೆನೋವು, ಖಿನ್ನತೆ, ದುಡ್ಡಿಲ್ಲ. ತನ್ನ ಎರಡು ಒಲಿಂಪಿಕ್ ಚಿನ್ನದ ಪದಕಗಳನ್ನು ಗಿರವಿ ಇಟ್ಟಳು. ತಾಳಿಸರ, ಓಲೆ ಅಡವಿಟ್ಟು ಬೆಳೆ ಸಾಲ ತೀರಿಸಿದ ತಾಯಂದಿರ ಮಕ್ಕಳು ನಾವು. ಅಂಗಡಿಯ ಆ ಕಟಕಟೆಯ ಮುಂದೆ ನಿಲ್ಲುವುದೇನೆಂದು ನಮಗೆ ಯಾರೂ ಹೇಳಬೇಕಿಲ್ಲ. ಮುಂದೆ ಅವಳು ಪದಕ ಬಿಡಿಸಿಕೊಂಡಳು. 2017ರಲ್ಲಿ ಕೀರ್ತಿಶಾಲೆ ಸೇರಿದಳು. ಅಲ್ಲಿಗೆ ಆರಿಸಿ ಬಂದ ಮೊದಲ ಕಪ್ಪು ಹೆಂಗಸು.

2016ರಲ್ಲಿ ಕಾಲಿನ್ ಕೆಪರ್ನಿಕ್ ಎಂಬ ಕಪ್ಪು ಆಟಗಾರ ಪೊಲೀಸರ ಹಿಂಸೆಯ ವಿರುದ್ಧ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದ. ಅವನ ಬೆನ್ನಿಗೆ ನಿಂತು ಕಾಲ್ಚೆಂಡಿನ ಮೇಗನ್ ರಪಿನೊ ಎಂಬ ಬಿಳಿಯ ಹೆಣ್ಣುಮಗಳು ಮಂಡಿಯೂರಿದಳು. ಸಾಕರ್ ಸಂಸ್ಥೆ 2017ರಲ್ಲಿ ನಿಯಮ ಮಾಡಿತು: ಎಲ್ಲರೂ ಎದ್ದು ನಿಲ್ಲತಕ್ಕದ್ದು. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮಂಡಿಯ ಕೆಳಗೆ ಉಸಿರು ಬಿಟ್ಟ. ದೇಶ ಬೀದಿಗೆ ಬಂತು. ಜೂನಿನಲ್ಲಿ ಸಂಸ್ಥೆ ಆ ನಿಯಮ ಕಿತ್ತು ಹಾಕಿತು. ಒಂದು ಮಂಡಿ ಕೊಲ್ಲುತ್ತದೆ, ಒಂದು ಮಂಡಿ ಪ್ರತಿಭಟಿಸುತ್ತದೆ. ಸಂಸ್ಥೆಗೆ ಈ ಎರಡರ ವ್ಯತ್ಯಾಸ ತಿಳಿಯಲು ಒಂದು ಹೆಣ ಬೇಕಾಯಿತು. ಕೂಲಿಯ ಜಗಳವೂ ಇತ್ತು. ಅದೇ ಕೆಲಸ, ಹೆಚ್ಚು ಗೆಲುವು, ಕಡಿಮೆ ಸಂಬಳ ಎಂದು ಹೆಣ್ಣುಮಕ್ಕಳು 2019ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಮೊಕದ್ದಮೆ ಹೂಡಿದರು. 2022ರಲ್ಲಿ 2 ಕೋಟಿ 40 ಲಕ್ಷ ಡಾಲರಿಗೆ ರಾಜಿಯಾಯಿತು, ಸಮಾನ ಸಂಬಳದ ಒಪ್ಪಂದವಾಯಿತು. ಗದ್ದೆಯಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಣಿಸಿ ಕೊಡುವ ನಮ್ಮೂರಿನ ಧಣಿಗಳಿಗೆ ಇದನ್ನು ಓದಿ ಹೇಳಬೇಕು.

ಇಷ್ಟೆಲ್ಲ ಹೇಳಿದ್ದು ಅಮೆರಿಕವನ್ನು ಹೊಗಳಲಿಕ್ಕಲ್ಲ, ತೆಗಳಲಿಕ್ಕೂ ಅಲ್ಲ. ನೂಲಿನ ಗಿರಣಿಯಿಂದ ಗುಲಾಬಿ ಅಂಗಿಯವರೆಗೆ ನೂರನಲವತ್ತು ವರ್ಷದಲ್ಲಿ ಧಣಿಗಳು ಬಂದರು, ಹೋದರು. ಹೋಗುವಾಗಲೆಲ್ಲ ಅಂಗಳ ಮುಚ್ಚಿದರು. ಧಣಿಯ ಕೊಡುಗೆಯಾಗಿ ಬಂದದ್ದು ಉಳಿಯಲಿಲ್ಲ. ಹಕ್ಕಾಗಿ ಪಡೆದದ್ದು, ಹೆಣ್ಣುಮಕ್ಕಳ ಅಂಗಳ ಮತ್ತು ಅವರ ಕೂಲಿ, ಉಳಿದಿದೆ. ಕೈಗೆ ಸಿಗುವ ಪಾಠ ಇದು.

ಹಳ್ಳಿಯ ಶಾಲೆಗಳಲ್ಲಿರುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಮಾತು. ಮೇಷ್ಟ್ರು ಬಾರ್ ಮತ್ತು ಮುಸುರೆ ತಿಕ್ಕಿದ ಗೇಟ್ಯೆನ್ಸನ ಕತೆಯನ್ನು ಮಕ್ಕಳಿಗೆ ಹೇಳಿ. ಹೇಳಿದ ಮೇಲೆ ಆಟದ ಪೀರಿಯಡ್ಡಿನಲ್ಲಿ ಸುತ್ತ ನೋಡಿ: ಯಾವ ಮಗು ಆಡುತ್ತಿದೆ, ಯಾವ ಮಗು ಗೋಡೆಗೆ ಒರಗಿ ನಿಂತಿದೆ, ಯಾವ ಮಗುವನ್ನು ನೀರು ತರಲು ಕಳಿಸಿದ್ದಾರೆ. ಆ ಮಗುವಿನ ಕಾಲಿಗೆ ಚೆಂಡು ತಳ್ಳಿ.